ಕರ್ಣನದ್ದು ದಡ್ಡತನವಾ? ಬುದ್ಧಿ ಒಂದು ಹೇಳಿ ಮನಸ್ಸು ಇನ್ನೊಂದು ಹೇಳುವಾಗ

ನೀರ್ಚಾಲು ಪ್ರೇಕ್ಷಕ

ಯಕ್ಷಗಾನದ ತಿರುಗಾಟ ಮುಗಿಯುವ ದಿನ ಪತ್ತನಾಜೆ ಕಳೆಯಿತು, ಮೇಳಗಳು ಗೆಜ್ಜೆ ಬಿಚ್ಚಿದವು. ಇನ್ನು ಕೇರಳದ ಗಡಿಯೊಳಗಿನ ನಮ್ಮ ಕಾಸರಗೋಡು ಕಡೆ ತಾಳಮದ್ದಳೆಯ ಕಾಲ. ಮೊನ್ನೆ ಬದಿಯಡ್ಕದ ಹತ್ತಿರ ಒಂದು ಮನೆಯಲ್ಲಿ ‘ಕರ್ಣಭೇದನ’ ಇತ್ತು. ಗಡಿಯಾಚೆಯ ಓದುಗರಿಗೆ ಒಂದು ಮಾತು: ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಬಾಯಿಪಾಠ ಮಾಡಿದ ಸಂಭಾಷಣೆ ನಡೆಯುವುದಿಲ್ಲ. ಎದುರಿನವರು ಎಂತ ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು.

ಕೃಷ್ಣನ ಅರ್ಥ ಹೇಳಿದವರು ಒಂದೊಂದೇ ಎಳೆ ಬಿಡಿಸಿದರು. ನೀನು ಕುಂತಿಯ ಹಿರಿಮಗ. ಪಟ್ಟ ನಿನ್ನದು. ಐದು ಜನ ತಮ್ಮಂದಿರು ನಿನ್ನ ಮಾತು ಮೀರುವವರಲ್ಲ. ನೀನು ಈಚೆ ಬಂದರೆ ದುರ್ಯೋಧನನಿಗೆ ಯುದ್ಧದ ಧೈರ್ಯವೇ ಇರುವುದಿಲ್ಲ, ಎಷ್ಟೋ ಸಾವಿರ ಜನ ಬದುಕುತ್ತಾರೆ. ವಾದದಲ್ಲಿ ಎಲ್ಲೂ ಸಂದು ಇರಲಿಲ್ಲ. ಕರ್ಣ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದು ಇಷ್ಟು: ಕುಲ ಯಾವುದು ಎಂದು ಕೇಳಿ ಸಭೆಯೆಲ್ಲ ನಕ್ಕ ದಿನ ಒಬ್ಬ ಮಾತ್ರ ನಗಲಿಲ್ಲ, ಅವನನ್ನು ಬಿಟ್ಟು ಬರುವುದು ಹೇಗೆ? ಹೆಂಗಸರು ಕಣ್ಣು ಒರೆಸಿಕೊಂಡರು. ಗಂಡಸರೂ ಒರೆಸಿಕೊಂಡರು, ಆದರೆ ಸೊಳ್ಳೆ ಓಡಿಸುವವರ ನಾಟಕ ಮಾಡಿದರು.

ಚಹಾದ ಹೊತ್ತಿಗೆ ಜಗಳ ಶುರು. ಒಂದು ಕಡೆಯವರು ‘ಕರ್ಣ ದಡ್ಡ, ಭಾವನೆಗೆ ಬಿದ್ದು ಎಲ್ಲ ಕಳಕೊಂಡ’ ಎಂದರು. ಇನ್ನೊಂದು ಕಡೆಯವರು ‘ಅಷ್ಟೂ ಇಲ್ಲದಿದ್ದರೆ ಅವನು ಮನುಷ್ಯನಾ’ ಎಂದರು. ನಿಮಗೆ ಎಂತ ಅನಿಸುತ್ತದೆ?

ಲೆಕ್ಕದ ಮಾಷ್ಟ್ರು

ಅತ್ತದ್ದಕ್ಕೂ ಸರಿ ತಪ್ಪಿಗೂ ಸಂಬಂಧ ಇಲ್ಲ. ಕೃಷ್ಣನ ಮಾತಿಗೆ ಉತ್ತರ ಇಲ್ಲದಾಗ ಕರ್ಣ ಕಣ್ಣೀರು ತರಿಸಿದ. ತಾಳಮದ್ದಳೆಯಲ್ಲಿ ಅದು ಚಂದ, ಜೀವನದಲ್ಲಿ ನಷ್ಟ.

ನಮ್ಮ ಊರಿನದ್ದೇ ನೋಡಿ. ಅಡಿಕೆಗೆ ರೇಟು ಏರುವಾಗ ಕೊಡುವುದಿಲ್ಲ, ಇನ್ನೂ ಏರಲಿ ಅಂತ. ಇಳಿಯಲು ಶುರುವಾದರೆ ಆಗಲೂ ಕೊಡುವುದಿಲ್ಲ, ಮೊದಲಿನ ರೇಟು ಬರಲಿ ಅಂತ. ಕಾನೆಮನ್ ಮತ್ತು ಟ್ವರ್ಸ್ಕಿ ಎಂಬ ಇಬ್ಬರು 1979ರಲ್ಲಿ ಬರೆದದ್ದು ಇದನ್ನೇ. ನೂರು ರೂಪಾಯಿ ಸಿಕ್ಕಿದ ಖುಷಿಗಿಂತ ನೂರು ರೂಪಾಯಿ ಹೋದ ಸಂಕಟ ದೊಡ್ಡದು. ಹಾಗಾಗಿ ಕಳಕೊಂಡೆ ಎಂದು ಒಪ್ಪಿಕೊಳ್ಳುವ ಬದಲು ಮನುಷ್ಯ ಇನ್ನಷ್ಟು ಕಳಕೊಳ್ಳಲು ತಯಾರಾಗುತ್ತಾನೆ. ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಅವರು ಮನಶ್ಶಾಸ್ತ್ರದವರು, ಅಡಿಕೆ ಅಂಗಳ ನೋಡಿದವರೂ ಅಲ್ಲ. ಆದರೂ ನಮ್ಮನ್ನು ಸರಿಯಾಗಿ ಹಿಡಿದರು.

ಚಾಲಿ ಅಡಿಕೆ

ಮಾಷ್ಟ್ರೆ, ರೇಟಿನ ವಿಷಯ ಒಪ್ಪಿದೆ. ನಮ್ಮ ಮನೆಯ ಅಟ್ಟದ ಕತೆಯೂ ಅದೇ. ಆದರೆ ಅಡಿಕೆ ಮರಕ್ಕೆ ಮದ್ದು ಬಿಡುವುದು ಯಾವ ದಿನ ಎಂದು ನಿಮ್ಮ ಲೆಕ್ಕ ಹೇಳುತ್ತದಾ?

ಪುಸ್ತಕದ ಲೆಕ್ಕ ನನಗೂ ಗೊತ್ತುಂಟು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40–45 ದಿನ ಬಿಟ್ಟು ಇನ್ನೊಂದು ಸಲ. ತಪ್ಪಿದರೆ ಮಹಾಳಿ, ಅಂದರೆ ಕೊಳೆರೋಗ, ಬಂದು ಎಳೆಕಾಯಿ ಎಲ್ಲ ಬುಡದಲ್ಲಿ. ಆದರೆ ಇವತ್ತು ಬಿಡುವುದಾ, ನಾಳೆಯಾ? ನಮ್ಮಲ್ಲಿಗೆ ಮದ್ದು ಬಿಡಲು ಬರುವ ಹಿರಿಯರು ಒಬ್ಬರಿದ್ದಾರೆ. ಬೆಳಿಗ್ಗೆ ಅಂಗಳದಲ್ಲಿ ನಿಂತು ‘ಇವತ್ತು ಬೇಡ, ಯಾಕೋ ಮನಸ್ಸು ಬರುವುದಿಲ್ಲ’ ಎನ್ನುತ್ತಾರೆ. ಕಾರಣ ಕೇಳಿದರೆ ಬೀಡಿ ಹಚ್ಚುತ್ತಾರೆ. ಮಧ್ಯಾಹ್ನಕ್ಕೆ ಮಳೆ. ಮೊಬೈಲಿನ ಹವಾಮಾನಕ್ಕಿಂತ ನನಗೆ ಅವರ ‘ಮನಸ್ಸು ಬರುವುದಿಲ್ಲ’ದಲ್ಲಿ ನಂಬಿಕೆ ಜಾಸ್ತಿ. ಇದನ್ನು ಬುದ್ಧಿ ಎನ್ನುತ್ತೀರಾ, ಭಾವನೆ ಎನ್ನುತ್ತೀರಾ?

ಪೆರ್ಲದ ಹುಡುಗಿ

ಮನಶ್ಶಾಸ್ತ್ರ ಓದುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಚಾಲಿ ಅಡಿಕೆಯವರ ಪ್ರಶ್ನೆಗೆ ಅದೇ ಕಾನೆಮನ್ ಉತ್ತರ ಹುಡುಕಿದ್ದಾರೆ. ಗ್ಯಾರಿ ಕ್ಲೈನ್ ಎಂಬ ಇನ್ನೊಬ್ಬರು ಅಗ್ನಿಶಾಮಕ ದಳದವರ ಜೊತೆ ಕೆಲಸ ಮಾಡಿ, ಅನುಭವಿಗಳ ಒಳಮನಸ್ಸನ್ನು ನಂಬಬೇಕು ಎನ್ನುತ್ತಿದ್ದರು. ಕಾನೆಮನ್ ನಂಬಬಾರದು ಎನ್ನುವ ಕಡೆ. ಇಬ್ಬರೂ ವರ್ಷಗಟ್ಟಲೆ ಚರ್ಚೆ ಮಾಡಿ 2009ರಲ್ಲಿ ಒಟ್ಟಿಗೆ ಒಂದು ಲೇಖನ ಬರೆದರು. ಸಾರ ಸರಳ. ನೀವು ಕೆಲಸ ಮಾಡುವ ಜಗತ್ತಿಗೆ ಒಂದು ಕ್ರಮ ಇರಬೇಕು. ನಿಮ್ಮ ಊಹೆ ಸರಿಯಾ ತಪ್ಪಾ ಎಂದು ಬೇಗ ಗೊತ್ತಾಗುತ್ತಿರಬೇಕು. ಎರಡೂ ಇದ್ದರೆ ಮನಸ್ಸು ಹೇಳಿದ್ದನ್ನು ನಂಬಬಹುದು. ಮೋಡ, ಗಾಳಿ, ಸೆಕೆಗೆ ಕ್ರಮ ಉಂಟು. ಮಳೆ ಬಂತೋ ಇಲ್ಲವೋ ಎಂದು ಸಂಜೆಯೊಳಗೆ ತಿಳಿಯುತ್ತದೆ. ಆ ಹಿರಿಯರ ಮನಸ್ಸು ಹಾಗೆ ಪಳಗಿದ್ದು. ಅಡಿಕೆ ರೇಟಿಗೆ ಅಂಥ ಕ್ರಮ ಇಲ್ಲ. ಆಮದು, ತೆರಿಗೆ, ಗುಟ್ಕಾದ ಕಾನೂನು, ಯಾವುದು ಯಾವಾಗ ತಿರುಗುತ್ತದೋ! ಅಲ್ಲಿ ‘ಇನ್ನೂ ಏರುತ್ತದೆ ಅಂತ ಅನಿಸುತ್ತದೆ’ ಎನ್ನುವುದು ಬರೀ ಆಸೆ.

ಇನ್ನು ಮಾಷ್ಟ್ರ ಮಾತಿಗೆ. ಭಾವನೆಯನ್ನು ಪೂರ್ತಿ ತೆಗೆದರೆ ಶುದ್ಧ ಬುದ್ಧಿ ಉಳಿಯುತ್ತದೆ, ಆಗ ತೀರ್ಮಾನ ಚೆನ್ನಾಗಿರುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ನಿಜವಾಗಿ ಹಾಗೆ ಆದವರು ಇದ್ದಾರೆ. ಅಂತೋನಿಯೊ ದಮಾಸಿಯೊ ಎಂಬ ನರರೋಗ ತಜ್ಞರು ಒಬ್ಬ ರೋಗಿಯ ಬಗ್ಗೆ 1994ರಲ್ಲಿ ಬರೆದರು. ಗುರುತು ಮರೆಸಲು ಅವನಿಗೆ ಎಲಿಯಟ್ ಎಂದು ಹೆಸರಿಟ್ಟರು. ಮೆದುಳಿನ ಗಡ್ಡೆ ತೆಗೆಯುವಾಗ ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾಗಿತ್ತು. ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಅವನಿಗೆ ಒಳ್ಳೆಯ ಅಂಕ. ನೆನಪು ಸರಿ, ಮಾತು ಸರಿ, ಲೆಕ್ಕ ಸರಿ. ಆದರೆ ಆಫೀಸಿನಲ್ಲಿ ಕಾಗದ ಜೋಡಿಸಲು ಕೂತರೆ ಯಾವ ರೀತಿ ಜೋಡಿಸುವುದು ಎಂಬ ಯೋಚನೆಯಲ್ಲೇ ದಿನ ಹೋಗುತ್ತಿತ್ತು. ಕೆಲಸ ಹೋಯಿತು, ಸಂಸಾರ ಮುರಿಯಿತು, ದುಡ್ಡು ಹೋಯಿತು. ಅದನ್ನೆಲ್ಲ ಬೇರೆಯವರ ಕತೆಯ ಹಾಗೆ ಹೇಳುತ್ತಿದ್ದ. ಅದೇ ಬಗೆಯ ಪೆಟ್ಟಾದ ಇನ್ನೊಬ್ಬ ರೋಗಿಗೆ ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟರು. ಯಾವುದು ಒಳ್ಳೆಯದು ಎಂದು ಅವನು ಅರ್ಧ ಗಂಟೆಯ ಹತ್ತಿರ ಕಾರಣಗಳನ್ನು ಹೇಳುತ್ತಲೇ ಹೋದ. ಕೊನೆಗೆ ದಮಾಸಿಯೊ ‘ಎರಡನೆಯದು ಇರಲಿ’ ಎಂದರು. ‘ಆಗಲಿ’ ಎಂದು ಎದ್ದು ಹೋದ.

ಕಾರಣಗಳಿಗೆ ಕೊನೆ ಇಲ್ಲ. ‘ಸಾಕು, ಇದು ಮುಖ್ಯ’ ಎಂದು ಒಳಗಿಂದ ಏನೋ ಒಂದು ಹೇಳಬೇಕು. ಆ ರೋಗಿಗಳಲ್ಲಿ ಅದು ಹೋಗಿತ್ತು.

ಲೆಕ್ಕದ ಮಾಷ್ಟ್ರು

ಕಬ್ಬಿಣದ ಸಲಾಕೆ ತಲೆಗೆ ತೂರಿದವನ ಕತೆ ಬಿಟ್ಟೆ ಯಾಕಮ್ಮ? ಇಂಥ ಚರ್ಚೆಯಲ್ಲಿ ಅವನು ಬಂದೇ ಬರುತ್ತಾನೆ.

ಪೆರ್ಲದ ಹುಡುಗಿ

ಬೇಕೆಂದೇ ಬಿಟ್ಟೆ ಸರ್. ಫಿನಿಯಾಸ್ ಗೇಜ್, 1848, ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿ ಕೆಲಸ. ಬಂಡೆ ಒಡೆಯಲು ಮದ್ದು ತುಂಬುವಾಗ ಸಿಡಿದು ಮೀಟರ್‌ಗಿಂತ ಉದ್ದದ ಸಲಾಕೆ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಗೆ ಬಂತು. ಬದುಕಿದ. ಸ್ವಭಾವ ಕೆಟ್ಟಿತು, ಅವನು ಅವನಾಗಿ ಉಳಿಯಲಿಲ್ಲ ಎಂದು ಎಲ್ಲ ಕಡೆ ಬರೆಯುತ್ತಾರೆ. ಆದರೆ ಆಮೇಲೆ ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಆರು ಕುದುರೆಯ ಗಾಡಿಯನ್ನು ತಲೆ ಕೆಟ್ಟವನ ಕೈಗೆ ಯಾರು ಕೊಡುತ್ತಾರೆ? ಮೊದಲು ಕೆಟ್ಟದ್ದು ನಿಜ, ಆಮೇಲೆ ತುಂಬಾ ಸುಧಾರಿಸಿರಬೇಕು. ಕತೆ ಹೇಳುವವರಿಗೆ ಅರ್ಧ ಸಾಕಾಗುತ್ತದೆ.

ಮಧೂರು ಅಜ್ಜ

ಕುದುರೆ ಎಂದಾಗ ನೆನಪಾಯಿತು. ಕಠೋಪನಿಷತ್ತಿನಲ್ಲಿ ದೇಹ ರಥ, ಇಂದ್ರಿಯ ಕುದುರೆ, ಮನಸ್ಸು ಹಗ್ಗ, ಬುದ್ಧಿ ಸಾರಥಿ. ಹಗ್ಗ ಸಾರಥಿಯ ಕೈಯಲ್ಲಿರಬೇಕು. ಇದರಲ್ಲಿ ಇಷ್ಟು ಚರ್ಚೆ ಯಾಕೆ?

ನೀರ್ಚಾಲು ಪ್ರೇಕ್ಷಕ

ಅಜ್ಜ, ಆ ರಥದಲ್ಲಿ ಒಳಗೆ ಕೂತವನೂ ಒಬ್ಬ ಇದ್ದಾನಲ್ಲ. ಎಲ್ಲಿಗೆ ಹೋಗಬೇಕು ಎಂಬುದು ಅವನ ಪ್ರಶ್ನೆ, ಸಾರಥಿಯದ್ದಲ್ಲ. ಕರ್ಣನ ವಿಷಯದಲ್ಲಿ ನನಗೆ ಕಾಣುವುದು ಇದೇ. ವ್ಯಾಸಭಾರತದಲ್ಲಿ ಕರ್ಣ ಕೃಷ್ಣನಿಗೆ ಹೇಳುವುದು ನೋಡಿ. ಈ ಯುದ್ಧದಲ್ಲಿ ಗೆಲ್ಲುವುದು ಪಾಂಡವರೇ, ಅದು ನನಗೆ ಗೊತ್ತು ಎನ್ನುತ್ತಾನೆ. ಧರ್ಮರಾಯನೇ ಒಳ್ಳೆಯ ರಾಜ ಎಂದೂ ಒಪ್ಪುತ್ತಾನೆ. ನನ್ನ ಹುಟ್ಟಿನ ವಿಷಯ ಅವನಿಗೆ ಹೇಳಬೇಡ, ಹೇಳಿದರೆ ರಾಜ್ಯ ನನಗೆ ಕೊಡುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಕೊಡಬೇಕಾಗುತ್ತದೆ ಎನ್ನುತ್ತಾನೆ. ದಡ್ಡ ಇಷ್ಟು ಮುಂದಾಲೋಚನೆ ಮಾಡುತ್ತಾನಾ? ಲೆಕ್ಕದಲ್ಲಿ ಕೃಷ್ಣನಿಗೆ ಬಂದ ಉತ್ತರವೇ ಕರ್ಣನಿಗೂ ಬಂದಿದೆ. ಆದರೆ ಅವನಿಗೆ ಬೇಕಾದದ್ದು ಗೆಲುವು ಅಲ್ಲ. ಬುದ್ಧಿ ಕೈಕೊಟ್ಟು ಅತ್ತದ್ದಲ್ಲ ಅದು.

ಲೆಕ್ಕದ ಮಾಷ್ಟ್ರು

ಅವನಿಗೆ ಬೇಕಾದದ್ದಕ್ಕಾಗಿ ಸತ್ತವರು ಬೇರೆಯವರು. ಹದಿನೆಂಟು ಅಕ್ಷೋಹಿಣಿ. ಋಣ ತೀರಿಸುವುದು ದೊಡ್ಡ ಮಾತೇ. ಆದರೆ ಬೇರೆಯವರ ಪ್ರಾಣ ಕೊಟ್ಟು ತೀರಿಸಬೇಕಾ? ಇದನ್ನು ಕೇಳುವ ಅರ್ಥಧಾರಿಗೆ ನಾನು ಕೈ ಮುಗಿಯುತ್ತೇನೆ.

ಅನಂತಪುರ ಕೆರೆ

ಗಂಭೀರ ಆಯಿತು. ಬಬಿಯಾ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 2022ರ ಅಕ್ಟೋಬರಿನಲ್ಲಿ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಸತ್ತಾಗ ಇಡೀ ಜಿಲ್ಲೆ ಬಂದಿತ್ತು. ನಾನೂ ಸಾಲಿನಲ್ಲಿ ನಿಂತಿದ್ದೆ. ಅದು ಬರೀ ನೈವೇದ್ಯದ ಅನ್ನ ತಿಂದು ಬದುಕಿದ ಸಸ್ಯಾಹಾರಿ ಮೊಸಳೆ ಎಂದು ನಂಬಿಕೆ. ನಾನು ಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಕೆರೆಯಲ್ಲಿ ಮೀನು ಇರುವಾಗ ಮೊಸಳೆ ಎಂತ ತಿನ್ನುತ್ತದೆ ಎಂದು ನನಗೆ ಗೊತ್ತು. ಆದರೂ ಅದು ಸತ್ತ ದಿನ ಕಣ್ಣು ತುಂಬಿತು. ಚಿಕ್ಕಂದಿನಿಂದ ನೋಡಿದ್ದು. ಗಂಟಲಿಗೆ ಕಟ್ಟಿದ್ದು ಅದರ ಆಹಾರ ಪದ್ಧತಿಗಾಗಿ ಅಲ್ಲ. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಮಕ್ಕಳು ‘ಟೀಚರ್, ಎಲ್ಲಿಂದ ಬಂತು’ ಎಂದು ಕೇಳಿದರು. ಅದು ಮಾತ್ರ ಪೂರ್ತಿ ಜೀವಶಾಸ್ತ್ರದ ಪ್ರಶ್ನೆ, ಸುಮ್ನೆ ಬಿಡಬಾರದು ಎಂದೆ.

ತಲಪಾಡಿ ಗೇಟ್

ಮೊಸಳೆಗೆ ಅಳುವವರನ್ನು ಬೈಯುವುದಿಲ್ಲ. ಆದರೆ ಲೆಕ್ಕ ಮಾತ್ರ ನೋಡಿದರೆ ಎಂತಾಗುತ್ತದೆ ಎಂದು ಕಂಡವರು ನಾವು. 2020ರ ಮಾರ್ಚ್. ಕರ್ನಾಟಕದವರು ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಆಗ ಕೇರಳದಲ್ಲೇ ಅತಿ ಹೆಚ್ಚು ಕೊರೊನಾ ಕೇಸು ನಮ್ಮ ಜಿಲ್ಲೆಯಲ್ಲಿ. ಅವರ ಲೆಕ್ಕ ಅವರಿಗೆ. ಆದರೆ ಮಂಜೇಶ್ವರದವರಿಗೆ ಆಸ್ಪತ್ರೆ ಎಂದರೆ ಮಂಗಳೂರು. ಡಯಾಲಿಸಿಸ್, ಹೃದಯ, ಹೆರಿಗೆ, ಎಲ್ಲ ಅಲ್ಲಿಯೇ. ತಲಪಾಡಿಯ ಗಡಿ ಗೇಟಿನಲ್ಲಿ ತಡೆದು ವಾಪಸ್ ಕಳಿಸಿ ಸತ್ತವರಿದ್ದಾರೆ. ಕೇರಳ ಹೈಕೋರ್ಟ್ ಹೇಳಿ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ ಮೊದಲ ವಾರ ಕಳೆಯುವಾಗ ತುರ್ತು ರೋಗಿಗಳನ್ನು ತಪಾಸಣೆ ಮಾಡಿ ಬಿಡುವ ಏರ್ಪಾಡು ಆಯಿತು. ಆ ಏರ್ಪಾಡು ಮೊದಲ ದಿನವೇ ಮಾಡಬಹುದಿತ್ತಲ್ಲ?

ಪೆರ್ಲದ ಹುಡುಗಿ

ನಮ್ಮ ಕ್ಲಾಸಿನಲ್ಲಿ ಟ್ರಾಲಿ ಪ್ರಶ್ನೆ ಮಾಡುವಾಗ ನನಗೆ ನೆನಪಾದದ್ದು ಇದೇ. ಫಿಲಿಪ್ಪ ಫುಟ್ ಎಂಬ ತತ್ವಶಾಸ್ತ್ರಜ್ಞೆ 1967ರಲ್ಲಿ ಎತ್ತಿದ ಪ್ರಶ್ನೆ ಅದು. ಟ್ರಾಮ್ ಐದು ಜನರ ಮೇಲೆ ಹೋಗುವುದರಲ್ಲಿದೆ, ಹಳಿ ಬದಲಿಸಿದರೆ ಒಬ್ಬ ಮಾತ್ರ ಸಾಯುತ್ತಾನೆ. ಹೆಚ್ಚಿನವರು ಬದಲಿಸಬಹುದು ಎನ್ನುತ್ತಾರೆ. ಐವರನ್ನು ಉಳಿಸಲು ಒಬ್ಬನನ್ನು ಕೈಯಾರೆ ಟ್ರಾಮಿನ ಎದುರಿಗೆ ದೂಡಬೇಕು ಎಂದರೆ ಅದೇ ಜನ ಬೇಡ ಎನ್ನುತ್ತಾರೆ. 2001ರಲ್ಲಿ ಜೋಶುವ ಗ್ರೀನ್ ಮತ್ತು ಜೊತೆಯವರು ಸ್ಕ್ಯಾನ್ ಮಾಡಿ ನೋಡಿದರು. ದೂಡುವ ಪ್ರಶ್ನೆಗೆ ಮೆದುಳಿನಲ್ಲಿ ಭಾವನೆಗೆ ಸಂಬಂಧಪಟ್ಟ ಭಾಗಗಳು ಜಾಸ್ತಿ ಕೆಲಸ ಮಾಡುತ್ತಿದ್ದವು.

ಗಡಿ ಮುಚ್ಚುವವರ ಕೈಗೆ ಮಣ್ಣು ತಾಗುವುದಿಲ್ಲ, ಅದು ಬರೀ ಆರ್ಡರ್. ಗೇಟಿನಲ್ಲಿ ನಿಂತ ಪೊಲೀಸಿನವನಿಗೆ ಆಂಬುಲೆನ್ಸಿನ ಒಳಗಿನ ಮುಖ ಕಾಣುತ್ತದೆ. ಇನ್ನೊಂದು ಮಾತು: ಮುಚ್ಚಿದ್ದನ್ನು ಬುದ್ಧಿ, ತೆರೆಯಿರಿ ಎಂದದ್ದನ್ನು ಭಾವನೆ ಎಂದು ಹೇಳುವುದೂ ಸರಿ ಅಲ್ಲ. ಮಣ್ಣು ಸುರಿದದ್ದರಲ್ಲಿ ಹೆದರಿಕೆ ಇರಲಿಲ್ಲವಾ?

ಸ್ವರ್ಗದವಳು

ಇಷ್ಟು ಹೊತ್ತು ಓದುತ್ತಾ ಇದ್ದೆ. ಸ್ವರ್ಗ ಎಂದರೆ ಎಣ್ಮಕಜೆ ಪಂಚಾಯತಿನ ನಮ್ಮ ಊರು, ಬೇರೆ ಅರ್ಥ ಮಾಡಬೇಡಿ.

‘ಭಾವುಕರಾಗಬೇಡಿ’ ಎಂಬ ಮಾತು ನಮಗೆ ಚೆನ್ನಾಗಿ ಗೊತ್ತುಂಟು. ಗುಡ್ಡದ ಮೇಲಿನ ಗೇರು ತೋಟಗಳಿಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. 2000ದ ಹೊತ್ತಿಗೆ ನಿಂತಿತು. ಗುಡ್ಡಕ್ಕೆ ಬಿದ್ದದ್ದು ಕೆಳಗೆ ಬರದೆ ಇರುತ್ತದಾ? ನಾವು ಕುಡಿಯುವುದು ಅದೇ ಗುಡ್ಡಕ್ಕೆ ನೀರಿಗಾಗಿ ಅಡ್ಡ ಕೊರೆದ ಸುರಂಗದ ನೀರು, ತೋಡಿನ ನೀರು. ಮೊದಲು ಜೇನುನೊಣ ಕಡಿಮೆಯಾಯಿತು. ಮೀನು ಸತ್ತು ತೇಲಿತು. ಕರುಗಳು ಸೊಟ್ಟ ಕಾಲಿನಲ್ಲಿ ಹುಟ್ಟಿದವು. ಆಮೇಲೆ ಮಕ್ಕಳು.

ಇದನ್ನೆಲ್ಲ ಮೊದಲು ಒಂದಕ್ಕೊಂದು ಜೋಡಿಸಿದವರು ಯಾರು? ಮನೆಯ ಹೆಂಗಸರು, ಊರಿನಲ್ಲಿ ಕ್ಲಿನಿಕ್ ಇಟ್ಟ ವೈದ್ಯರು, ಹಳ್ಳಿಯಲ್ಲಿದ್ದು ಪತ್ರಿಕೆಗೆ ಬರೆಯುವವರು. ದೊಡ್ಡ ಜಾಗದಿಂದ ಬಂದ ಉತ್ತರ ತುಂಬಾ ಶಾಂತವಾಗಿತ್ತು. ಪುರಾವೆ ಎಲ್ಲಿ? ಬೇರೆ ಕಾರಣ ಇರಬಹುದಲ್ಲ? ಸಂಬಂಧದೊಳಗೆ ಮದುವೆ ಆಗುತ್ತೀರಲ್ಲ? ಕೇಳುವವರಿಗೆ ಅದು ಬುದ್ಧಿಯ ಮಾತು ಅನಿಸುತ್ತದೆ. ದನಿ ತಗ್ಗಿಸಿ ಮಾತಾಡಿದರೆ ಸಾಕು, ಯೋಚಿಸಿ ಮಾತಾಡುತ್ತಾರೆ ಎಂದು ಜನ ನಂಬುತ್ತಾರೆ. ಅಳುವವರು ಯೋಚಿಸುವುದಿಲ್ಲ ಎಂದು ಯಾರು ಹೇಳಿದ್ದು? ನಮ್ಮ ಅಮ್ಮ ಅಳುತ್ತಲೇ ಎಣಿಸುತ್ತಿದ್ದರು. ಮೇಲಿನ ಮನೆಯಲ್ಲಿ ಇಬ್ಬರು, ತೋಡಿನಾಚೆ ಒಬ್ಬ, ಶಾಲೆಯ ಹತ್ತಿರ ಇನ್ನೊಬ್ಬಳು. ಶಾಂತವಾಗಿ ಮಾತಾಡಿದವರು ಎಣಿಸಲು ಗುಡ್ಡ ಹತ್ತಿರಲಿಲ್ಲ.

ಸಂಕಟ ಆದದ್ದರಿಂದಲೇ ಕಣ್ಣು ಕಂಡಿತು. ಆ ಸಂಕಟ ಇಲ್ಲದಿದ್ದರೆ ಅದು ‘ಅಲ್ಲಿ ಇಲ್ಲಿ ಒಂದೊಂದು ಕೇಸು’ ಆಗಿ ಉಳಿಯುತ್ತಿತ್ತು.

ಚಾಲಿ ಅಡಿಕೆ

ಇದರ ಮೇಲೆ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಓದಿದೆ ಎಂದು ಹೇಳಲು ಬರೆದೆ.

ಲೆಕ್ಕದ ಮಾಷ್ಟ್ರು

ನಿಮ್ಮ ಅಮ್ಮ ಮಾಡಿದ್ದು ಲೆಕ್ಕವೇ. ಅದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ಆ ಎಣಿಕೆ ಊರಿನಿಂದ ಆಚೆ ಹೋಗಿ ನಿಲ್ಲಬೇಕಾದರೆ ಸರ್ವೆ ಬೇಕಾಯಿತು, ರಕ್ತ ನೀರು ಮಣ್ಣಿನ ಪರೀಕ್ಷೆ ಬೇಕಾಯಿತು. ಸಮಿತಿಗಳು ಒಂದಕ್ಕೊಂದು ಸೇರದ ವರದಿ ಕೊಟ್ಟವು. ಕೊನೆಗೆ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಹಾಕಿದವು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಎಂದು ಆದೇಶ ಬಂತು. ಕಣ್ಣೀರು ಬಾಗಿಲು ತಟ್ಟಿತು ಎನ್ನಿ, ಒಪ್ಪುತ್ತೇನೆ. ತೆರೆಸಿದ್ದು ಕಾಗದ.

ಇನ್ನೊಂದೂ ಹೇಳಿಬಿಡುತ್ತೇನೆ, ಬೈದರೂ ಪರವಾಗಿಲ್ಲ. ಒಂದು ಊರಿಗೆ ವಿಷ ಬಿದ್ದದ್ದು ನಿಜ ಎಂದ ಮಾತ್ರಕ್ಕೆ ಆ ಊರಿನ ಪ್ರತಿಯೊಂದು ಕಾಯಿಲೆಯೂ ಅದರಿಂದಲೇ ಎಂದು ಆಗುವುದಿಲ್ಲ.

ಸ್ವರ್ಗದವಳು

ಬೈಯುವುದಿಲ್ಲ. ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬಂತಾ ಎಂದು ಮಕ್ಕಳನ್ನು ಎತ್ತಿಕೊಂಡು ಕ್ಯಾಂಪಿಗೆ ಹೋದವರಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತುಂಟು. ಆದೇಶ ಬಂದ ಮೇಲೂ ದುಡ್ಡಿಗೆ ಎಷ್ಟು ಸಲ ಬೀದಿಗೆ ಇಳಿಯಬೇಕಾಯಿತು ನೋಡಿ. ಕಾಗದ ಬಾಗಿಲು ತೆರೆಯಿತು ಎಂದಿರಲ್ಲ, ತೆರೆದ ಬಾಗಿಲು ಮುಚ್ಚದ ಹಾಗೆ ಹಿಡಿದದ್ದು ಪುನಃ ಅಮ್ಮಂದಿರು.

ಒಂದನೇ ಕ್ಲಾಸಿನ ಅಮ್ಮ

ಇಷ್ಟು ದೊಡ್ಡ ವಿಷಯದ ನಡುವೆ ನನ್ನದು ಸಣ್ಣದು. ಆದರೆ ಜೂನ್ ಒಂದಕ್ಕೆ ಶಾಲೆ ಶುರು, ನನಗೆ ಅರ್ಜೆಂಟ್. ಮಗಳನ್ನು ಒಂದನೇ ಕ್ಲಾಸಿಗೆ ಎಲ್ಲಿಗೆ ಹಾಕುವುದು? ನನ್ನ ಮನಸ್ಸು ಕನ್ನಡ ಮೀಡಿಯಂ ಎನ್ನುತ್ತದೆ. ನಾನು ಓದಿದ ಶಾಲೆ, ನಡೆದು ಹೋಗುವ ದೂರ. ಗಂಡ ‘ಬುದ್ಧಿ ಉಪಯೋಗಿಸು, ಕೇರಳದಲ್ಲಿ ಕೆಲಸ ಬೇಕಾದರೆ ಮಲಯಾಳಂ, ಹೊರಗೆ ಬೇಕಾದರೆ ಇಂಗ್ಲಿಷ್, ಕನ್ನಡದಲ್ಲಿ ಎಂತ ಉಂಟು’ ಎನ್ನುತ್ತಾರೆ. ಅವರೂ ಕನ್ನಡ ಮೀಡಿಯಂನಲ್ಲೇ ಓದಿದವರು. ಮನೆಯಲ್ಲಿ ತುಳು.

ನೀರ್ಚಾಲು ಪ್ರೇಕ್ಷಕ

ಕನ್ನಡ ಶಾಲೆಗೆ ಹಾಕಿ, ಮತ್ತೆ ಮಾತಿಲ್ಲ. 2017ರಲ್ಲಿ ಎಲ್ಲ ಶಾಲೆಗೂ ಮಲಯಾಳಂ ಕಡ್ಡಾಯ ಎಂಬ ಕಾನೂನು ಬಂದಾಗ ಕಾಸರಗೋಡಿನಲ್ಲಿ ಬೀದಿಗೆ ಬಂದವರು ನಾವು. ಮಕ್ಕಳೇ ಇಲ್ಲದಿದ್ದರೆ ಶಾಲೆ ಉಳಿಯುವುದು ಹೇಗೆ? ಇನ್ನು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕೆ ಹೋದರೆ…

ಮಧೂರು ಅಜ್ಜ

ಹೋಗಬೇಡ. ಗಡಿ ವಿವಾದದ ಮಹಾಜನ ವರದಿ ತೆಗೆದರೆ ಈ ಚರ್ಚೆ ಮುಂದಿನ ಪತ್ತನಾಜೆಗೂ ಮುಗಿಯುವುದಿಲ್ಲ.

ಲೆಕ್ಕದ ಮಾಷ್ಟ್ರು

ಅಮ್ಮ, ಶಾಲೆ ಉಳಿಸುವ ಭಾರ ಆರು ವರ್ಷದ ಮಗುವಿನ ಮೇಲೆ ಹಾಕಬೇಡಿ. ಆದರೂ ನಾನು ಹೇಳುವುದು ಕನ್ನಡ ಮೀಡಿಯಂ ಎಂದೇ. ಅಭಿಮಾನಕ್ಕೆ ಅಲ್ಲ, ಲೆಕ್ಕಕ್ಕೆ. ತುಂಬಾ ವರ್ಷ ಕಲಿಸಿದ್ದೇನೆ. ಮಗುವಿಗೆ ಕಳೆಯುವುದು ಬರುವುದಿಲ್ಲ ಎಂದು ಅಪ್ಪ ಅಮ್ಮ ಟ್ಯೂಷನ್‌ಗೆ ಹಾಕುತ್ತಾರೆ. ನೋಡಿದರೆ ಕಳೆಯುವುದು ಬರುತ್ತದೆ, ಪ್ರಶ್ನೆಯ ಭಾಷೆ ಬರುವುದಿಲ್ಲ. ಮೊದಲ ಕೆಲವು ವರ್ಷ ಗೊತ್ತಿರುವ ಭಾಷೆಯಲ್ಲಿ ಕಲಿಯಬೇಕು ಎಂದು ಯುನೆಸ್ಕೊ 1953ರಲ್ಲೇ ಹೇಳಿದೆ. ನಿಮ್ಮ ಮನೆಯದ್ದು ತುಳು. ಅದಕ್ಕೆ ಇಲ್ಲಿ ಹತ್ತಿರದ ಶಾಲೆಭಾಷೆ ಕನ್ನಡ. ಮಲಯಾಳಂ ಹೇಗೂ ಅಂಗಡಿಯಲ್ಲಿ, ಬಸ್ಸಿನಲ್ಲಿ ಬರುತ್ತದೆ. ಇಂಗ್ಲಿಷ್ ಒಂದು ಪಾಠವಾಗಿ ಗಟ್ಟಿಯಾಗಿ ಕಲಿಸಿದರೆ ಸಾಕು.

ನಿಮ್ಮ ಗಂಡ ಬುದ್ಧಿ ಎನ್ನುವುದರಲ್ಲಿ ಹೆದರಿಕೆಯ ಪಾಲೂ ಉಂಟು. ಅವರಿಗೆ ಕೆಲಸ ಹುಡುಕುವಾಗ ಕಷ್ಟ ಆಗಿರಬಹುದು. ಅದನ್ನು ಸುಮ್ನೆ ತಳ್ಳಿಹಾಕಬೇಡಿ, ಕೂತು ಕೇಳಿ. ಶಾಲೆಗೆ ಇಬ್ಬರೂ ಹೋಗಿ. ಒಂದನೇ ಕ್ಲಾಸಿಗೆ ಯಾರು ಕಲಿಸುತ್ತಾರೆ, ಅವರಿಗೆ ಕನ್ನಡ ಓದಲು ಮಾತಾಡಲು ಬರುತ್ತದಾ, ಮೊದಲು ಇದು ಕೇಳಿ. ಕನ್ನಡ ಬಾರದವರನ್ನು ಕನ್ನಡ ಕ್ಲಾಸಿಗೆ ಹಾಕಿದ್ದಾರೆ ಎಂಬ ದೂರು ನಮ್ಮ ಜಿಲ್ಲೆಯಲ್ಲಿ ಹೊಸತಲ್ಲ.

ಒಂದನೇ ಕ್ಲಾಸಿ‌ನ ಅಮ್ಮ

ಸೋಮವಾರ ಇಬ್ಬರೂ ಹೋಗುತ್ತೇವೆ. ಟೀಚರಿಗೆ ಕನ್ನಡ ಬಾರದಿದ್ದರೆ?

ಲೆಕ್ಕದ ಮಾಷ್ಟ್ರು

ಪಿಟಿಎಯಲ್ಲಿ (ಶಿಕ್ಷಕ–ರಕ್ಷಕ ಸಂಘ) ಕೇಳಿ, ಬರೆದು ಕೊಡಿ. ಸರಿ ಮಾಡುವ ಲಕ್ಷಣ ಕಾಣದಿದ್ದರೆ ನಿಮ್ಮ ಗಂಡ ಹೇಳಿದಲ್ಲಿಗೇ ಹಾಕಿ, ಮನೆಯಲ್ಲಿ ಕನ್ನಡ ಓದಿಸಿ. ಒಂದರಿಂದ ನಾಲ್ಕರವರೆಗಿನ ಹಳೆಯ ಕನ್ನಡ ಪುಸ್ತಕಗಳು ನನ್ನ ಹತ್ತಿರ ಉಂಟು, ಬೈಂಡ್ ಮಾಡಿ ಇಟ್ಟದ್ದು. ವಿಳಾಸ ಖಾಸಗಿಯಾಗಿ ತಿಳಿಸಿ, ಕಳಿಸುತ್ತೇನೆ.

ಚಾಲಿ ಅಡಿಕೆ

ಮಾಷ್ಟ್ರೆ, ಲೆಕ್ಕ ಕಲಿಸುವವರು ಕನ್ನಡ ಪುಸ್ತಕ ಬೈಂಡ್ ಮಾಡಿ ಇಟ್ಟದ್ದು ಯಾವ ಲೆಕ್ಕಕ್ಕೆ?

ಲೆಕ್ಕದ ಮಾಷ್ಟ್ರು

ನೀವು ಮೊದಲು ಅಟ್ಟದ ಅಡಿಕೆ ಮಾರಿ.